ತಟ್ಟೆಯ ಬೆನ್ನಲ್ಲಿ ಮುಖ

ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ಬಾಲಕರ ವೀಕ್ಷಣಾಲಯದವರು ಗೋಡೆಯ ಕೆಲಸಕ್ಕೆಂದು ನನ್ನನ್ನು ಕರೆಸಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿರುವ ಮಕ್ಕಳ ಗುರುತು ಹೊರಬೀಳಬಾರದು ಎಂದು ಕಾನೂನು ಹೇಳುತ್ತದೆ, ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ. ಹಿಂದಿನ ತಿಂಗಳು ಇಬ್ಬರು ಹುಡುಗರು ಕಾಂಪೌಂಡು ಹಾರಿ ಹೋಗಿದ್ದರು. ಗೋಡೆಯನ್ನು ಇನ್ನೂ ಮೂರಡಿ ಏರಿಸಿ ಮೇಲೆ ಮುಳ್ಳುತಂತಿ ಸುತ್ತಿದರೆ ಎಷ್ಟಾಗುತ್ತದೆ ಎಂದು ಎಸ್ಟಿಮೇಟು ಹಾಕಿಕೊಡಬೇಕಿತ್ತು.

ಟೇಪು ಹಿಡಿದು ಗೋಡೆಯ ಉದ್ದಕ್ಕೂ ನಡೆಯುತ್ತಿದ್ದೆ. ನಲ್ಲಿಯ ಹತ್ತಿರ ಒಬ್ಬ ಹುಡುಗ, ಹದಿನೈದು ಹದಿನಾರರವನಿರಬೇಕು, ಉಂಡ ಸ್ಟೀಲ್ ತಟ್ಟೆಯನ್ನು ತಿಕ್ಕಿ ತೊಳೆದ. ಅಂಗಿಯ ತುದಿಯಿಂದ ಒರೆಸಿದ. ಆಮೇಲೆ ಅದನ್ನು ಬೋರಲು ಮಾಡಿ ಗೋಡೆಗೆ ಆನಿಸಿ, ಅದರ ಬೆನ್ನಿನಲ್ಲಿ ಮುಖ ನೋಡಿಕೊಳ್ಳುತ್ತ ತಲೆ ಬಾಚತೊಡಗಿದ. ತಟ್ಟೆ ಸಪಾಟಾಗಿಲ್ಲವಲ್ಲ, ಮುಖ ಉಬ್ಬಿ ಸೊಟ್ಟಗೆ ಕಾಣುತ್ತಿತ್ತು. ಬೈತಲೆ ನೆಟ್ಟಗಾಗಲಿಲ್ಲವೆಂದು ಕೂದಲಿಗೆ ಮತ್ತೆ ನೀರು ಹಚ್ಚಿದ. ನಾನು ನಿಂತು ನೋಡುತ್ತಿದ್ದೇನೆಂದು ತಿಳಿದು ನಾಚಿಕೊಂಡು, ತಟ್ಟೆ ಕೆಳಗಿಟ್ಟು ಕೇಳಿದ: "ಗ್ವಾಡಿ ಇನ್ನೂ ಎತ್ತರ ಮಾಡಾಕ ಬಂದೀರೇನ್ರಿ ಸರ?"

ಹೌದು ಅಂದೆ.

"ಓಡಿ ಹ್ವಾದವ್ರಾಗ ಒಬ್ಬಾಂವ ಹ್ವಾದದ್ದು ಮನೀಗೇ ರಿ. ಮೂರ್ ದಿನಕ್ಕ ಅವ್ರಪ್ಪನ ಕರ್ಕೊಂಡ್ ಬಂದ್ ಬಿಟ್ಟ ಹ್ವಾದ."

ಅಧೀಕ್ಷಕರನ್ನು ಕೇಳಿದೆ. ನಿಜವಂತೆ. ಓಡಿಹೋಗಿದ್ದ ಆ ಹುಡುಗನ ಮನೆಯವರು ಎರಡು ತಿಂಗಳಿಂದ ನೋಡಲು ಬಂದಿರಲಿಲ್ಲ. ಅವರ ಹಳ್ಳಿಯಿಂದ ಬರಬೇಕೆಂದರೆ ಎರಡು ಬಸ್ಸು ಬದಲಿಸಬೇಕು, ದಿನದ ಕೂಲಿ ಬಿಡಬೇಕು. ಕನ್ನಡಿ ಯಾಕಿಲ್ಲ ಎಂದೂ ಕೇಳಿದೆ. "ಗಾಜು ಒಡೆದು ಕೈಗೇನಾದರೂ ಮಾಡಿಕೊಂಡರೆ ಜವಾಬ್ದಾರಿ ಯಾರು ಸರ್?" ಅಂದರು. ಒಳ್ಳೆಯ ಮನುಷ್ಯ, ಹುಡುಗರ ಹೆಸರು ಹಿಡಿದು ಕರೆಯುತ್ತಿದ್ದರು. ಅವರ ಭಯವೂ ಸುಳ್ಳಲ್ಲ. ಆದರೆ ಅಂಥ ಭಯಗಳೇ ಒಂದೊಂದಾಗಿ ಸೇರಿ ಆ ಕಟ್ಟಡದ ನಕ್ಷೆ ಬರೆದಿದ್ದವು. ಹಾರಿ ಹೋದಾರು ಎಂಬ ಭಯ ಗೋಡೆಯನ್ನು ಕಟ್ಟಿತ್ತು. ಜಗಳವಾಡಿಯಾರು ಎಂಬ ಭಯ ಆಟದ ಕೋಣೆಗೆ ಬೀಗ ಹಾಕಿತ್ತು. ಶೌಚಾಲಯದಲ್ಲಿ ಏನಾದರೂ ಮಾಡಿಕೊಂಡಾರು ಎಂಬ ಭಯ ಅಲ್ಲಿಯ ಚಿಲಕಗಳನ್ನು ಕಿತ್ತಿತ್ತು. ಹದಿನಾರರ ಹುಡುಗ ಬೆಳಿಗ್ಗೆ ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಶೌಚಕ್ಕೆ ಕೂರಬೇಕಿತ್ತು.

ನಮ್ಮಲ್ಲಿ ಇಂಥ ಮನೆಗಳಿಗೆ ಜನ ಈಗಲೂ ರಿಮ್ಯಾಂಡ್ ಹೋಮ್ ಎಂದೇ ಅನ್ನುತ್ತಾರೆ. ಕಾನೂನು ಆ ಹೆಸರನ್ನು ಕೈಬಿಟ್ಟು ಬಹಳ ಕಾಲವಾಯಿತು. ಪತ್ರಕರ್ತೆ ಶೀಲಾ ಬಾರ್ಸೆ ಜೈಲುಗಳಲ್ಲಿ ಕೊಳೆಯುತ್ತಿದ್ದ ಮಕ್ಕಳ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಮಕ್ಕಳನ್ನು ಜೈಲಿನಲ್ಲಿ ಇಡಬಾರದು ಎಂದು ನ್ಯಾಯಾಲಯ 1986ರಲ್ಲಿ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷ ಬಹುತೇಕ ಇಡೀ ದೇಶಕ್ಕೆ ಅನ್ವಯಿಸುವಂಥ ಮೊದಲ ಬಾಲನ್ಯಾಯ ಕಾಯ್ದೆ ಬಂತು. ಆಮೇಲೆ 2000ದ ಕಾಯ್ದೆ, ಈಗ ನಡೆಯುತ್ತಿರುವುದು 2015ರದು. ಇದರ ಪ್ರಕಾರ ಹದಿನೆಂಟು ತುಂಬದವರನ್ನು ಪೊಲೀಸ್ ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ವಿಚಾರಣೆ ನಡೆಯುವಾಗ ಅವರಿರುವುದು ವೀಕ್ಷಣಾಲಯ. ತಪ್ಪು ಸಾಬೀತಾಗಿ ಬಾಲ ನ್ಯಾಯ ಮಂಡಳಿ ಕಳಿಸಿದರೆ ವಿಶೇಷ ಗೃಹ, ಅಲ್ಲಿ ಹೆಚ್ಚೆಂದರೆ ಮೂರು ವರ್ಷ. ಘೋರ ಅಪರಾಧದ ಆರೋಪ ಹೊತ್ತ ಹದಿನಾರು ದಾಟಿದವರಿಗೆ ಸುರಕ್ಷತಾ ಸ್ಥಳ.

ಈ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಮಾತೊಂದಿದೆ. ಮಗುವಿನ ಬಗ್ಗೆ ಬರೆಯುವಾಗ, ಆಡುವಾಗ ಕಳಂಕ ಹಚ್ಚುವ ಪದ ಬಳಸಬೇಡಿ ಎನ್ನುತ್ತದೆ ಅದು. ಬಾಲಾಪರಾಧಿ ಅನ್ನದೆ 'ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು' ಅನ್ನಬೇಕು. ಇಷ್ಟುದ್ದದ ಹೆಸರು ಕೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಆ ಹೆಸರಿನ ಕೊನೆಯಲ್ಲಿ 'ಮಗು' ಇದೆ. ಕೇಂದ್ರದ 2016ರ ಮಾದರಿ ನಿಯಮಗಳು ಕಟ್ಟಡಕ್ಕೂ ಇದೇ ಮಾತು ಹೇಳುತ್ತವೆ: ಈ ಮನೆಗಳು ಜೈಲಿನಂತೆ, ಲಾಕಪ್ಪಿನಂತೆ ಯಾವ ರೀತಿಯಲ್ಲೂ ಕಾಣಬಾರದು. ಪದಗಳನ್ನು ತಿದ್ದುವುದು ನಮಗೆ ಸಾಧ್ಯವಾಯಿತು. ಗೋಡೆ ತಿದ್ದುವುದು ಬಹುಪಾಲು ಹಾಗೇ ಉಳಿಯಿತು.

ವೀಕ್ಷಣಾಲಯದಲ್ಲಿರುವ ಹುಡುಗನ ತಪ್ಪು ಇನ್ನೂ ಸಾಬೀತಾಗಿರುವುದಿಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ವಿಚಾರಣೆ ಮುಗಿಯುವವರೆಗೆ ಅವನಿಗೆ ಅದು ಮನೆ. ಮೊದಲ ರಾತ್ರಿ ಅವನಿಗೆ ತನ್ನ ಮೇಲೆ ಹಾಕಿದ ಕಲಂ ಯಾವುದೆಂದು ಗೊತ್ತಿರುವುದಿಲ್ಲ, ವಕೀಲರ ಮುಖ ನೋಡಿರುವುದಿಲ್ಲ. ಅವನು ಓದಬಲ್ಲದ್ದು ಕಟ್ಟಡವನ್ನು ಮಾತ್ರ. ಬೀಗ ಎಷ್ಟು ದಪ್ಪ, ಕಿಟಕಿಯಿಂದ ಏನು ಕಾಣುತ್ತದೆ, ಬಟ್ಟೆ ಇಟ್ಟುಕೊಳ್ಳಲು ಜಾಗವಿದೆಯೋ ಇಲ್ಲವೋ, ಬಚ್ಚಲಿಗೆ ಬಾಗಿಲಿದೆಯೋ ಇಲ್ಲವೋ. ಇವುಗಳಿಂದ ಅವನು ತಾನು ಯಾರು ಎಂದು ತಿಳಿದುಕೊಳ್ಳುತ್ತಾನೆ. ಬೆಳಿಗ್ಗೆ ಬಂದ ಆಪ್ತಸಮಾಲೋಚಕರು ಎಷ್ಟೇ ಅಕ್ಕರೆಯಿಂದ ಮಾತಾಡಿದರೂ ರಾತ್ರಿಯೆಲ್ಲ ಗೋಡೆ ಹೇಳಿದ್ದನ್ನು ಅಳಿಸುವುದು ಕಷ್ಟ.

ಮಾದರಿ ನಿಯಮಗಳಲ್ಲಿ ಅಳತೆಗಳಿವೆ. ಐವತ್ತು ಮಕ್ಕಳ ಮನೆಗೆ ಮಲಗುವ ದೊಡ್ಡ ಕೋಣೆಗಳು ಎರಡು, ಒಂದೊಂದೂ 1000 ಚದರಡಿ, ಒಂದರಲ್ಲಿ 25 ಮಕ್ಕಳು. ಶೌಚಾಲಯ ಎಂಟು, ಬಚ್ಚಲು ಐದು. ಊಟದ ಕೋಣೆ 800 ಚದರಡಿ, ಗ್ರಂಥಾಲಯ 500, ಆಪ್ತಸಮಾಲೋಚನೆಯ ಕೋಣೆ 120. ಆಟದ ಬಯಲು ಮಕ್ಕಳ ಸಂಖ್ಯೆಗೆ ತಕ್ಕಷ್ಟು. ಎಲ್ಲ ಸೇರಿ 8495 ಚದರಡಿ. ಇಷ್ಟಾದರೂ ಇದೆಯಲ್ಲ ಎಂದು ಮೊದಲು ಓದಿದಾಗ ಸಮಾಧಾನಪಟ್ಟೆ. ಆಮೇಲೆ ಭಾಗಾಕಾರ ಮಾಡಿದೆ. ಮಲಗುವ ಕೋಣೆಯಲ್ಲಿ ಒಂದು ಮಗುವಿನ ಪಾಲಿಗೆ 40 ಚದರಡಿ ಬರುತ್ತದೆ. ನಮ್ಮ ಮನೆಗಳ ಡಬಲ್ ಕಾಟು ಆರಡಿ ಅಗಲ, ಆರೂವರೆ ಅಡಿ ಉದ್ದ, ಅಂದರೆ 39 ಚದರಡಿ. ಹಾಸಿಗೆ, ಪೆಟ್ಟಿಗೆ, ಓಡಾಟ, ಪಕ್ಕದವನಿಂದ ಒಂದಿಷ್ಟು ದೂರ, ಎಲ್ಲವೂ ಒಂದು ಮಂಚದಷ್ಟು ಜಾಗದಲ್ಲಿ ಮುಗಿಯಬೇಕು. ಅದೂ ನಿಯಮ ಪೂರ್ತಿ ಪಾಲನೆಯಾದರೆ.

ಆದರೂ ಜಾಗಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಒಂದೇ ಕೋಣೆಯಲ್ಲಿ 25 ಎಂಬ ಸಂಖ್ಯೆ. ಇಪ್ಪತ್ತೈದು ಹುಡುಗರ ಒಂದು ಕೋಣೆಯಲ್ಲಿ ರಾತ್ರಿ ಹತ್ತರ ಮೇಲೆ ಏನು ನಡೆಯುತ್ತದೆಂದು ಬಾಗಿಲಲ್ಲಿ ಕೂತ ಒಬ್ಬ ರಕ್ಷಕನಿಗೆ ತಿಳಿಯುವುದಿಲ್ಲ. ಅವನಿಗೆ ಕಾಣುವುದು ಗುಂಪು. ಗುಂಪಿಗೆ ತನ್ನದೇ ಒಬ್ಬ ಯಜಮಾನ ಹುಟ್ಟುತ್ತಾನೆ, ಹೊಸದಾಗಿ ಬಂದ ಚಿಕ್ಕವನು ಅವನ ಬಟ್ಟೆ ಒಗೆಯುತ್ತಾನೆ. ಹಾಸ್ಟೆಲಿನಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಯಜಮಾನನಿಗೆ ಹೆದರಿ ಗ್ರಿಲ್ಲು ಬರುತ್ತದೆ, ಗ್ರಿಲ್ಲು ಕಂಡು ಹುಡುಗರು ಇನ್ನಷ್ಟು ಒರಟಾಗುತ್ತಾರೆ.

ಈ ಸುತ್ತಿನಿಂದ ಹೊರಬಂದವರಿದ್ದಾರೆ. ಅಮೆರಿಕದ ಮಿಸೌರಿ ರಾಜ್ಯದ ಕತೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಅದು ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟೇ ವಿಸ್ತೀರ್ಣದ ಸೀಮೆ ಎಂಬುದೂ ಅದಕ್ಕೊಂದು ಕಾರಣ. ಅಲ್ಲಿ ಬೂನ್‌ವಿಲ್ ಎಂಬ ಊರಿನಲ್ಲಿ 1889ರಲ್ಲಿ ಹುಡುಗರ ಒಂದು ಸುಧಾರಣಾ ಶಾಲೆ ತೆರೆದಿದ್ದರು. ಹೆಸರಿಗೆ ಶಾಲೆ. ನೂರಾರು ಹುಡುಗರು, ದೊಡ್ಡ ಆವರಣ, ಹೊಡೆತ, ಒಂಟಿಕೋಣೆ, ಹುಡುಗರೇ ಹುಡುಗರ ಮೇಲೆ ನಡೆಸುವ ದಬ್ಬಾಳಿಕೆ. ಅದನ್ನು ಸುಧಾರಿಸಲು ಮತ್ತೆ ಮತ್ತೆ ಪ್ರಯತ್ನಗಳಾದವು. ಕೊನೆಗೆ 1983ರಲ್ಲಿ ರಾಜ್ಯ ಅದನ್ನು ಮುಚ್ಚಿಯೇಬಿಟ್ಟಿತು. ಬದಲಿಗೆ ಮತ್ತೊಂದು ದೊಡ್ಡದನ್ನು ಕಟ್ಟಲಿಲ್ಲ. ರಾಜ್ಯವನ್ನು ಐದು ವಲಯ ಮಾಡಿ, ಅಲ್ಲಲ್ಲಿ ಖಾಲಿ ಬಿದ್ದಿದ್ದ ಶಾಲೆಯ ಕಟ್ಟಡ, ದೊಡ್ಡ ಮನೆ ಇಂಥವನ್ನೇ ಹಿಡಿದು ಸಣ್ಣ ಸಣ್ಣ ಕೇಂದ್ರಗಳನ್ನು ಮಾಡಿತು. ಹುಡುಗರು ಆದಷ್ಟು ತಮ್ಮ ಸೀಮೆಯಲ್ಲೇ ಉಳಿದರು.

ಆ ಕೇಂದ್ರಗಳ ಒಳಗೆ ಹತ್ತು ಹನ್ನೆರಡು ಜನರ ಒಂದೊಂದು ತಂಡ. ಮಲಗುವುದು, ಓದುವುದು, ಊಟ, ಕಸ ಗುಡಿಸುವುದು ಎಲ್ಲ ಅದೇ ತಂಡದ ಜೊತೆ, ಜೊತೆಗೆ ಸದಾ ಅದೇ ಸಿಬ್ಬಂದಿ. ಸಮವಸ್ತ್ರವಿಲ್ಲ, ತಮ್ಮದೇ ಬಟ್ಟೆ. ಹಾಸಿಗೆಯ ಮೇಲೆ ಮನೆಯಿಂದ ತಂದ ಹೊದಿಕೆ, ಗೋಡೆಯ ಮೇಲೆ ತಾವೇ ಬರೆದ ಚಿತ್ರ. ಕೂರಲು ಮನೆಯ ಪಡಸಾಲೆಯಲ್ಲಿರುವಂಥ ಮೆತ್ತನೆಯ ಸೋಫಾ. ಯಾರಿಗಾದರೂ ಮನಸ್ಸು ಕೆಟ್ಟರೆ, ಯಾರಾದರೂ ಕೆಣಕಿದರೆ, ಆ ಹುಡುಗನೇ ಎದ್ದು ಎಲ್ಲರನ್ನೂ ವೃತ್ತವಾಗಿ ನಿಲ್ಲಲು ಕರೆಯಬಹುದು. ಮಾಡುತ್ತಿದ್ದ ಕೆಲಸ ಬಿಟ್ಟು ಎಲ್ಲರೂ ನಿಂತು ಮಾತಾಡಿ ಬಗೆಹರಿಸಿಕೊಳ್ಳಬೇಕು. ಇದೆಲ್ಲ ನಡೆಯುವುದು ಹನ್ನೆರಡು ಜನ ಇರುವುದರಿಂದ. ಐವತ್ತು ಜನ ವೃತ್ತ ನಿಂತರೆ ಅದು ಪ್ರಾರ್ಥನಾ ಸಭೆಯಾಗುತ್ತದೆ.

ಕಾವಲಿನ ಬಗ್ಗೆ ಅವರು ಕಂಡುಕೊಂಡದ್ದು ಸರಳ. ಹುಡುಗನ ಮುಖ ನೋಡಿ ಇವತ್ತು ಇವನಿಗೇನೋ ಆಗಿದೆ ಎಂದು ತಿಳಿಯುವ ದೊಡ್ಡವರು ಹತ್ತಿರದಲ್ಲಿದ್ದರೆ ಬೀಗದ ಕೆಲಸ ಮುಕ್ಕಾಲು ಕಮ್ಮಿಯಾಗುತ್ತದೆ. ಹಾಗೆ ತಿಳಿಯಲು ಬಿಡುವ ಕಟ್ಟಡ ಯಾವುದು, ಬಿಡದ ಕಟ್ಟಡ ಯಾವುದು ಎಂಬುದು ನನ್ನ ಕಸುಬಿಗೆ ಸೇರಿದ ಪ್ರಶ್ನೆ.

ನಾರ್ವೆ ಇನ್ನೂ ಮುಂದೆ ಹೋಗಿದೆ. ಅಲ್ಲಿ ಹದಿನೆಂಟರ ಒಳಗಿನವರಿಗಾಗಿ ಬರ್ಗೆನ್ ಮತ್ತು ಐಡ್ಸ್‌ವೋಲ್‌ನಲ್ಲಿ ಮಾಡಿದ ಘಟಕಗಳು ತಲಾ ನಾಲ್ವರಿಗೆ. ಅಷ್ಟು ಹಣವಿರುವ ಸಣ್ಣ ದೇಶದ ಮಾತು ನಮಗೇಕೆ ಅನ್ನಬಹುದು, ಒಪ್ಪುತ್ತೇನೆ. ಆದರೆ ಮಿಸೌರಿಯವರದು ಹಳೇ ಶಾಲೆಯ ಕಟ್ಟಡ.

ಇನ್ನೊಂದು ಕತೆ ನಮಗೆ ಹತ್ತಿರದ್ದು. ಇಂಗ್ಲೆಂಡಿನ ಕೆಂಟ್ ಸೀಮೆಯ ಬೋರ್‌ಸ್ಟಲ್ ಎಂಬ ಹಳ್ಳಿಯ ಜೈಲಿನಲ್ಲಿ 1902ರಲ್ಲಿ ಎವೆಲಿನ್ ರಗಲ್ಸ್-ಬ್ರೈಸ್ ಎಂಬ ಅಧಿಕಾರಿ ಹರೆಯದವರನ್ನು ದೊಡ್ಡ ಕೈದಿಗಳಿಂದ ಬೇರೆ ಮಾಡಿ ಇಟ್ಟರು. ಹಳ್ಳಿಯ ಹೆಸರೇ ಆ ಪದ್ಧತಿಯ ಹೆಸರಾಯಿತು. ಮುಂಬೈ ಪ್ರಾಂತ್ಯ 1929ರಲ್ಲಿ ಬೋರ್‌ಸ್ಟಲ್ ಶಾಲೆಗಳ ಕಾಯ್ದೆ ಮಾಡಿತು, ಆ ಪ್ರಾಂತ್ಯದ ಬೋರ್‌ಸ್ಟಲ್ ಶಾಲೆ ಇದ್ದದ್ದು ನಮ್ಮ ಧಾರವಾಡದಲ್ಲಿ. ಪುಣೆಯಿಂದಲೋ ಖಾನದೇಶದಿಂದಲೋ ಬಂದ ಹುಡುಗನೊಬ್ಬ ಧಾರವಾಡದ ಮಳೆಯಲ್ಲಿ ಭಾಷೆ ಬಾರದೆ ಕೂತಿದ್ದನ್ನು ನಾನು ಊಹಿಸಿಕೊಳ್ಳುತ್ತೇನೆ.

ಅದರ ಮುಂದಿನ ವರ್ಷವೇ, 1930ರ ಮೇ ತಿಂಗಳಲ್ಲಿ, ಇಂಗ್ಲೆಂಡಿನಲ್ಲಿ ಒಂದು ವಿಚಿತ್ರ ಮೆರವಣಿಗೆ ಹೊರಟಿತು. ಡಬ್ಲ್ಯೂ. ಡಬ್ಲ್ಯೂ. ಲೆವೆಲಿನ್ ಎಂಬ ಅಧಿಕಾರಿ ಲಂಡನ್ನಿನ ಪಕ್ಕದ ಫೆಲ್ತಮ್ ಬೋರ್‌ಸ್ಟಲ್‌ನಿಂದ ಸುಮಾರು ನಲವತ್ತು ಹುಡುಗರನ್ನು ಕರೆದುಕೊಂಡು ನಾಟಿಂಗಮ್ ಸೀಮೆಯ ಲೌಡಮ್‌ಗೆ ಕಾಲ್ನಡಿಗೆಯಲ್ಲಿ ಹೊರಟರು. ಬೇಡಿ ಇಲ್ಲ. ದಿನಗಟ್ಟಲೆ ನಡೆದು, ದಾರಿಯಲ್ಲಿ ಸಿಕ್ಕ ಊರುಗಳಲ್ಲಿ ತಂಗಿ, ಬಯಲಿನಲ್ಲಿ ಡೇರೆ ಹೂಡಿ, ತಾವಿರಬೇಕಾದ ಕಟ್ಟಡವನ್ನು ಹುಡುಗರೇ ಕಟ್ಟತೊಡಗಿದರು. ಆ ಕಟ್ಟಡಕ್ಕೆ ಸುತ್ತುಗೋಡೆ ಇರಲಿಲ್ಲ. ಗೋಡೆಯಿಲ್ಲದ ಮೊದಲ ಬೋರ್‌ಸ್ಟಲ್ ಅದು.

ಈ ಪದ್ಧತಿ ಉಳಿಯಲಿಲ್ಲ. ಬೋರ್‌ಸ್ಟಲ್ ಎಂಬ ಹೆಸರೇ ಕ್ರಮೇಣ ಬೈಗುಳದಂತಾಯಿತು, ಒಳಗೆ ಹೊಡೆತ ಬಡಿತ ಸೇರಿಕೊಂಡವು, 1982ರ ಕಾಯ್ದೆ ಅದನ್ನು ರದ್ದು ಮಾಡಿತು. ಲೌಡಮ್‌ನ ಆ ಜಾಗದಲ್ಲಿ 1998ರಿಂದ ದೊಡ್ಡವರ ಜೈಲಿದೆ, ಎತ್ತರದ ಗೋಡೆಯ ಜೈಲು. ಮಿಸೌರಿಯ ಬೂನ್‌ವಿಲ್ ಕೂಡ ಆಮೇಲೆ ದೊಡ್ಡವರ ಜೈಲಾಯಿತು. ಒಮ್ಮೆ ದೊಡ್ಡದಾಗಿ ಕಟ್ಟಿದ ಆವರಣ ಖಾಲಿ ಉಳಿಯುವುದಿಲ್ಲ, ಯಾರನ್ನಾದರೂ ಕೇಳುತ್ತದೆ. ಹೊಸ ಕಟ್ಟಡಕ್ಕೆ ಹಣ ಮಂಜೂರಾಯಿತು ಎಂದು ಯಾರಾದರೂ ಸಂಭ್ರಮದಿಂದ ಹೇಳಿದಾಗ ನನಗೆ ಮೊದಲು ಬರುವ ಪ್ರಶ್ನೆ, ಎಷ್ಟು ಮಕ್ಕಳಿಗೆ?

ವಿಶ್ವಸಂಸ್ಥೆ 1990ರ ಡಿಸೆಂಬರಿನಲ್ಲಿ ಒಪ್ಪಿದ ನಿಯಮಾವಳಿಯೊಂದಿದೆ, ಹವಾನಾ ನಿಯಮಗಳೆಂದು ಕರೆಯುತ್ತಾರೆ. ಬಂಧನದಲ್ಲಿರುವ ಮಕ್ಕಳ ಕಟ್ಟಡ ಹೇಗಿರಬೇಕೆಂದು ಅದರಲ್ಲಿ ಬರೆದಿದೆ. ಮನೆಯವರು ಬಂದುಹೋಗಲು ಆಗುವಷ್ಟು ಹತ್ತಿರವಿರಬೇಕು, ಸಣ್ಣದಿರಬೇಕು, ಒಬ್ಬೊಬ್ಬರಿಗೆ ಅಥವಾ ಸಣ್ಣ ಗುಂಪಿಗೆ ಮಲಗುವ ಕೋಣೆ, ಮರ್ಯಾದೆಯಿಂದ ಬಳಸಬಹುದಾದ ಶೌಚಾಲಯ, ತನ್ನ ಸಾಮಾನು ಇಟ್ಟುಕೊಳ್ಳಲು ಜಾಗ. ಇಂದ್ರಿಯಗಳಿಗೆ ಏನಾದರೂ ಉಣ್ಣಲು ಸಿಗಬೇಕು ಎಂಬ ಅರ್ಥದ ಮಾತೂ ಇದೆ. ಬಣ್ಣ, ಬೆಳಕು, ಮರ, ಮಣ್ಣು. ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಹವಾನಾ ಅಲ್ಲ, ನಮ್ಮ ಅಜ್ಜನ ತೊಟ್ಟಿಮನೆ.

ತೊಟ್ಟಿಮನೆಯ ನಡುವಿನ ಅಂಗಳ, ಸುತ್ತ ಕಂಬದ ಮೊಗಸಾಲೆ, ಮೊಗಸಾಲೆಗೆ ತೆರೆದುಕೊಂಡ ಕೋಣೆಗಳು. ಅಜ್ಜಿ ಒಂದು ಕಂಬಕ್ಕೆ ಒರಗಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿರುತ್ತಿದ್ದಳು. ಹದಿನಾಲ್ಕು ಜನ ಮೊಮ್ಮಕ್ಕಳು ಯಾರು ಎಲ್ಲಿದ್ದಾರೆ, ಯಾರು ಮುನಿಸಿಕೊಂಡು ಮೂಲೆ ಸೇರಿದ್ದಾರೆ, ಯಾರ ಕೆಮ್ಮು ಜೋರಾಗಿದೆ, ಎಲ್ಲವೂ ಅವಳಿಗೆ ಗೊತ್ತು. ಅವಳು ನಮ್ಮನ್ನು ಕಾಯುತ್ತಿದ್ದಾಳೆಂದು ನಮಗೆ ಅನ್ನಿಸಿದ್ದೇ ಇಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು, ಅಷ್ಟೆ. ನೋಟಕ್ಕೆ ಸಿಗುವುದು ಬೇರೆ, ಕಾವಲಿಗೆ ಒಳಗಾಗುವುದು ಬೇರೆ ಎಂಬುದನ್ನು ಆ ಮನೆ ಕಟ್ಟಿದ ಮೇಸ್ತ್ರಿಗಳು ಬಲ್ಲವರಾಗಿದ್ದರು. ಉದ್ದನೆಯ ಒಂದು ಕಾರಿಡಾರು, ಎರಡೂ ಬದಿ ಕೋಣೆ, ಕೊನೆಯಲ್ಲಿ ಗ್ರಿಲ್ಲು, ಇದು ಆಸ್ಪತ್ರೆ ಮತ್ತು ಜೈಲಿನ ನಕ್ಷೆ. ಅದರಲ್ಲಿ ಕಾಯುವವನು ಎದ್ದು ಓಡಾಡಲೇಬೇಕು, ಅವನ ಬೂಟಿನ ಸದ್ದು ಕೇಳಿ ಒಳಗಿನವರು ಸುಮ್ಮನಾಗುತ್ತಾರೆ, ಅವನು ದಾಟಿದ ಮೇಲೆ ಮತ್ತೆ ಶುರು. ನಡುವೆ ಅಂಗಳವಿಟ್ಟು ಸುತ್ತ ಎಂಟೆಂಟು ಜನರ ಕೋಣೆ ಮಾಡಿದರೆ ಮಕ್ಕಳನ್ನು ನೋಡಿಕೊಳ್ಳುವ ಗೃಹಪಿತೃ ಒಂದೆಡೆ ಕೂತು ತರಕಾರಿ ಹೆಚ್ಚುತ್ತಲೇ ಎಲ್ಲವನ್ನೂ ನೋಡಬಲ್ಲ. ಅಂಗಳದ ಹೊರಗಿನ ಮೈ ಮನೆಯ ಗೋಡೆಯೇ ಆದ್ದರಿಂದ ಪ್ರತ್ಯೇಕ ಎತ್ತರದ ಕಾಂಪೌಂಡಿನ ಅಗತ್ಯವೂ ಕಮ್ಮಿ. ಮೇಲೆ ನೋಡಿದರೆ ಆಕಾಶವಿರುತ್ತದೆ.

ಶಬ್ದದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸಿಮೆಂಟು ನೆಲ, ಸಿಮೆಂಟು ಸೂರು, ಬರಿಗೋಡೆ, ಕಬ್ಬಿಣದ ಬಾಗಿಲು ಇರುವ ಕೋಣೆಯಲ್ಲಿ ಒಂದು ತಟ್ಟೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ಮನೆಯಲ್ಲಿ ಹೊಡೆತ ತಿಂದು ಬೆಳೆದ ಮಗುವಿಗೆ ಆ ಸದ್ದಿಗೆ ಕೈ ತಾನಾಗಿ ಮೇಲೇಳುತ್ತದೆ. ಮರದ ಬಾಗಿಲು, ದಪ್ಪ ಬಟ್ಟೆಯ ಪರದೆ, ಗೋಡೆಯ ಮೇಲೊಂದು ಮೆತ್ತನೆಯ ಹಲಗೆ, ಇವು ದುಬಾರಿಯಲ್ಲ. ಚಿಲಕವೂ ಅಷ್ಟೆ. ಒಳಗಿನಿಂದ ಹಾಕಿಕೊಳ್ಳುವ, ತುರ್ತಿದ್ದರೆ ಹೊರಗಿನಿಂದ ಒಂದು ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವ ಚಿಲಕಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಭಾರ ಬಿದ್ದರೆ ತಾನಾಗಿ ಬಾಗುವ ಬಟ್ಟೆ ಗೂಟಗಳಿವೆ. ಕನ್ನಡಿಗೆ ಗಾಜೇ ಆಗಬೇಕೆಂದಿಲ್ಲ, ಹೊಳಪು ಕೊಟ್ಟ ಸ್ಟೀಲ್ ತಗಡನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದರೆ ಆಯಿತು. ಜೀವದ ಭಯಕ್ಕೂ ಮರ್ಯಾದೆಗೂ ಒಟ್ಟಿಗೆ ಉತ್ತರ ಕೊಡುವ ಸಾಮಾನುಗಳು ಇವು. ಕಿತ್ತುಹಾಕುವುದು ಸುಲಭ ಎಂಬ ಕಾರಣಕ್ಕೆ ನಾವು ಕಿತ್ತುಹಾಕುತ್ತೇವೆ.

ಮನೆಯವರು ಬಂದು ಮಾತಾಡಿಸುವ ಜಾಗಕ್ಕೆ ನಕ್ಷೆಗಳಲ್ಲಿ ಹೆಸರೇ ಇರುವುದಿಲ್ಲ. ಆಫೀಸಿನ ಮುಂದೆ ಒಂದು ಬೆಂಚು, ನಡುವೆ ಒಂದು ಮೇಜು, ಪಕ್ಕದಲ್ಲಿ ನಿಂತ ಸಿಬ್ಬಂದಿ. ದಿನದ ಕೂಲಿ ಬಿಟ್ಟು, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದ ತಾಯಿ ಹದಿನೈದು ನಿಮಿಷ ಆ ಬೆಂಚಿನ ತುದಿಯಲ್ಲಿ ಕೂತು ಎದ್ದು ಹೋಗುತ್ತಾಳೆ. ಅವಳಿಗೆ ಒಂದು ಕಟ್ಟೆ, ಮೇಲೊಂದು ಬೇವಿನ ನೆರಳು, ಕುಡಿಯುವ ನೀರು, ಮಗನ ಜೊತೆ ಕೂತು ಬುತ್ತಿ ಬಿಚ್ಚಲು ಜಾಗ ಬೇಕು. ತಮ್ಮ ತಂಗಿ ಜೊತೆಗೆ ಬಂದಿದ್ದರೆ ಅವರಿಗೊಂದು ಉಯ್ಯಾಲೆ. ಹುಡುಗಿಯರ ಪಾಡು ಇನ್ನೂ ಕಷ್ಟ. ಅವರ ಸಂಖ್ಯೆ ಕಮ್ಮಿ, ಆದ್ದರಿಂದ ಅವರ ವೀಕ್ಷಣಾಲಯಗಳೂ ಕಮ್ಮಿ, ಆದ್ದರಿಂದ ಮನೆಯಿಂದ ಇನ್ನೂ ದೂರ.

ಇಷ್ಟೆಲ್ಲ ಹೇಳಿದಾಗ ಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳುತ್ತಾರೆ: ಇವರಿಂದ ನೊಂದವರಿಗೆ ಏನು ಹೇಳುತ್ತೀರಿ? ಕೇಳಲೇಬೇಕಾದ ಪ್ರಶ್ನೆ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಯುವತಿಯೊಬ್ಬಳ ಮೇಲೆ ನಡೆದ ಅತ್ಯಾಚಾರವನ್ನು, ಅವಳ ಸಾವನ್ನು ಯಾರು ಮರೆತಾರು? ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಮೂರು ವರ್ಷದ ನಂತರ ಅವನು ಹೊರಬಂದ ಅದೇ ದಿನಗಳಲ್ಲಿ ಸಂಸತ್ತು 2015ರ ಕಾಯ್ದೆಯನ್ನು ಒಪ್ಪಿತು, ಹದಿನಾರು ದಾಟಿದವರು ಘೋರ ಅಪರಾಧ ಮಾಡಿದ್ದರೆ ವಯಸ್ಕರಂತೆ ವಿಚಾರಣೆ ನಡೆಸಲು ದಾರಿ ಮಾಡಿತು. ಆ ಯುವತಿಯ ತಾಯಿಯ ಸಂಕಟದ ಮುಂದೆ ತೊಟ್ಟಿಮನೆಯ ಮಾತಾಡಲು ನನಗೂ ನಾಲಿಗೆ ಏಳುವುದಿಲ್ಲ.

ಆದರೆ ಆ ಕಾಯ್ದೆ ಕೂಡ ಅಂಥ ಹುಡುಗನನ್ನು ಇಪ್ಪತ್ತೊಂದರವರೆಗೆ ಸುರಕ್ಷತಾ ಸ್ಥಳದಲ್ಲೇ ಇಡಬೇಕೆನ್ನುತ್ತದೆ, ಮರಣದಂಡನೆ ಕೂಡದೆನ್ನುತ್ತದೆ. ಅಂದರೆ ಅವನೂ ಒಂದು ದಿನ ಹೊರಬರಬಹುದು. ಉಳಿದವರಂತೂ ಬಂದೇ ಬರುತ್ತಾರೆ, ಹೆಚ್ಚಿನವರು ಕೆಲವೇ ತಿಂಗಳಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದೇಶದಾದ್ಯಂತ ಲೆಕ್ಕ ಹಾಕಿದ, ಮಕ್ಕಳೇ ಆರೋಪಿಗಳಾದ ಪ್ರಕರಣಗಳು 30,555. ಆ ವರ್ಷದ ಒಟ್ಟು ಪ್ರಕರಣಗಳು 58 ಲಕ್ಷದ ಮೇಲೆ. ಇನ್ನೂರರಲ್ಲಿ ಒಂದರಷ್ಟು. ಈ ಮಕ್ಕಳು ಹೊರಬಂದು ನಮ್ಮದೇ ಬೀದಿಯ ಗ್ಯಾರೇಜಿನಲ್ಲಿ, ಬೇಕರಿಯಲ್ಲಿ ಕೆಲಸ ಕೇಳುತ್ತಾರೆ. ಹೆಚ್ಚಿನವರ ಹಳೇ ದಾಖಲೆ ಅಳಿಸಬೇಕೆಂದು ಕಾನೂನು ಹೇಳುತ್ತದೆ. ಒಳಗಿನ ರಾತ್ರಿಗಳಲ್ಲಿ ಅವರು ಏನು ಕಲಿತರೋ ಅದನ್ನು ಅಳಿಸುವ ಕಲಂ ಯಾವುದೂ ಇಲ್ಲ. ನೊಂದವರ ಪರವಾಗಿ ನಿಂತು ನೋಡಿದರೂ ನನಗೆ ಬೇಕಿರುವುದು ಆ ಹುಡುಗ ಇನ್ನೊಬ್ಬರನ್ನು ನೋಯಿಸದೆ ಬದುಕುವುದು. ಬಾಗಿಲು ಹಿಡಿದುಕೊಂಡು ಶೌಚಕ್ಕೆ ಕೂತ ಹುಡುಗ ಇನ್ನೊಬ್ಬರ ಮಾನದ ಬೆಲೆಯನ್ನು ಅಲ್ಲಿ ಕಲಿತುಕೊಂಡು ಬರುತ್ತಾನೆಂದು ನಾನು ನಂಬಲಾರೆ.

ಆ ಎಸ್ಟಿಮೇಟಿನ ಕತೆ ಹೇಳಿ ಮುಗಿಸುತ್ತೇನೆ. ಎರಡು ಭಾಗ ಮಾಡಿ ಕೊಟ್ಟೆ. ಮೊದಲನೆಯದು ಅವರು ಕೇಳಿದ ಗೋಡೆ. ಎರಡನೆಯದು ಕೇಳದೇ ಇದ್ದದ್ದು: ಚಿಲಕ ಎಂಟು, ಸ್ಟೀಲ್ ಕನ್ನಡಿ ನಾಲ್ಕು, ಮಲಗುವ ಕೋಣೆಗೆ ಅರ್ಧ ಎತ್ತರದ ಅಡ್ಡಗೋಡೆ ಎರಡು, ಬೇವಿನ ಕೆಳಗೆ ಕಟ್ಟೆ ಒಂದು, ಪ್ರತಿ ಹುಡುಗನಿಗೆ ಬೀಗ ಹಾಕಬಹುದಾದ ಪುಟ್ಟ ಪೆಟ್ಟಿಗೆ. ಎರಡನೆಯ ಭಾಗದ ಮೊತ್ತ ಮೊದಲನೆಯದರ ಕಾಲು ಭಾಗವೂ ಆಗಿರಲಿಲ್ಲ. ಗೋಡೆ ಮಂಜೂರಾಯಿತು. ಉಳಿದದ್ದರ ಮೇಲೆ "ಪರಿಶೀಲಿಸಲಾಗುವುದು" ಎಂಬ ಷರಾ ಬಂತು. ನಾನೇ ನಿಂತು ಗೋಡೆ ಏರಿಸಿದೆ, ಮುಳ್ಳುತಂತಿ ಹಾಕಿಸಿದೆ. ಆ ಹುಡುಗ ಒಂದೆರಡು ಸಲ ದೂರದಿಂದ ನೋಡಿ ಒಳಗೆ ಹೋದ.

ಮರುವರ್ಷ ಅಧೀಕ್ಷಕರು ಫೋನು ಮಾಡಿದರು. ದುರಸ್ತಿ ಬಾಬಿನಲ್ಲಿ ಒಂದಿಷ್ಟು ಹಣ ಉಳಿದಿದೆ, ಚಿಲಕ ಮತ್ತು ಕನ್ನಡಿ ಹಾಕಿಸೋಣವೇ ಎಂದು. ಕೆಲಸ ಮುಗಿದ ದಿನ ನೋಡಲು ಹೋದೆ. ಆ ಹುಡುಗ ಅಷ್ಟರಲ್ಲಿ ಮನೆಗೆ ಹೋಗಿದ್ದ. ನಲ್ಲಿಯ ಸಾಲಿನ ಮೇಲೆ ನಾಲ್ಕು ತಗಡು ಹೊಳೆಯುತ್ತಿದ್ದವು, ಮುಂದೆ ಹುಡುಗರ ನೂಕುನುಗ್ಗಲು. ಮೇಸ್ತ್ರಿ ತನ್ನ ಕಣ್ಣಿನ ಎತ್ತರ ಹಿಡಿದು ನಾಲ್ಕನ್ನೂ ಕೂರಿಸಿದ್ದ. ಹನ್ನೆರಡು ವರ್ಷ ಇರಬಹುದಾದ ಒಬ್ಬ ಪುಟ್ಟ ಹುಡುಗ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಹತ್ತಿ, ಗೋಡೆ ಹಿಡಿದುಕೊಂಡು ಮುಖ ನೋಡಿಕೊಳ್ಳುತ್ತಿದ್ದ. ಮೇಸ್ತ್ರಿಯನ್ನು ಕರೆದು, ಕೊನೆಯದನ್ನು ಬಿಚ್ಚಿ ಒಂದಡಿ ಕೆಳಗೆ ಕೂರಿಸಲು ಹೇಳಿದೆ.